ಹಳೇ ಮನೆಯ ಚೀಟಿ: ಆರ್ಮ್ ವರ್ಚುವಲ್ ಮಷೀನ್ ಬೂಟ್ ಆಗದೆ ಕೂತಾಗ

ಕ್ಯೂಎಮು ಅಂದರೆ ನಿಮ್ಮ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರನ್ನು ನಕಲು ಮಾಡುವ ಪ್ರೋಗ್ರಾಮ್. ಅದರಲ್ಲಿ ಆರ್ಮ್ ಮಷೀನ್ ಎಬ್ಬಿಸೋಕೆ ಒಂದು ಉದ್ದದ ಕಮಾಂಡ್ ಹಾಕಿ ಎಂಟರ್ ಒತ್ತುತ್ತೀರಿ. ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ಅಷ್ಟೇ. ಒಂದು ನಿಮಿಷ ಕಾದರೂ ಏನೂ ಇಲ್ಲ. ಲ್ಯಾಪ್‌ಟಾಪ್ ಫ್ಯಾನ್ ಮಾತ್ರ ಜೋರಾಗಿ ಸುತ್ತುತ್ತಿದೆ. ಎರರ್ ಬಂದಿದ್ದರೆ ಹುಡುಕಬಹುದಿತ್ತು. ಏನೂ ಬರದಿದ್ದರೆ ಏನಂತ ಹುಡುಕೋದು? ಇಲ್ಲಿ ಕೂತಿರುವವರಲ್ಲಿ ಅರ್ಧ ಜನರಿಗಾದರೂ ಈ ಅನುಭವ ಆಗಿದೆ ಅಂತ ನಿಮ್ಮ ನಗು ನೋಡಿದರೇ ಗೊತ್ತಾಗುತ್ತದೆ.

ಆ ಫ್ಯಾನ್‌ನಿಂದಲೇ ಶುರು ಮಾಡೋಣ. ಇನ್ನೊಂದು ಟರ್ಮಿನಲ್ ತೆಗೆದು ಟಾಪ್ ಹಾಕಿ. ಕ್ಯೂಎಮು ನೂರಕ್ಕೆ ನೂರು ಸಿಪಿಯು ತಿನ್ನುತ್ತಿದ್ದರೆ, ಒಳಗಿರುವ ಮಷೀನ್ ಎಲ್ಲೋ ಗಿರಕಿ ಹೊಡೆಯುತ್ತಿದೆ. ಹೆಚ್ಚಾಗಿ ಅದು ಒಂದು ಎಕ್ಸೆಪ್ಶನ್‌ನಿಂದ, ಅಂದರೆ ಸಿಪಿಯು ಮುಂದೆ ಹೋಗಲಾಗದ ತೊಡಕಿನಿಂದ, ಇನ್ನೊಂದು ಎಕ್ಸೆಪ್ಶನ್‌ಗೆ ಬೀಳುತ್ತಿರುತ್ತದೆ. ಸಿಪಿಯು ಸೊನ್ನೆಯ ಹತ್ತಿರ ಇದ್ದರೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬಹುಶಃ ಚೆನ್ನಾಗಿಯೇ ಓಡಿ ಸುಮ್ನೆ ಕೂತಿದೆ. ನಿಮಗೆ ಅದರ ಮಾತು ಕೇಳಿಸುತ್ತಿಲ್ಲ, ಅಷ್ಟೇ. ಎರಡೂ ಬೇರೆ ಬೇರೆ ಕಾಯಿಲೆ, ಆದರೆ ಹೊರಗೆ ಕಾಣುವ ಲಕ್ಷಣ ಒಂದೇ. ಫರ್ಮ್‌ವೇರ್ (ಕರ್ನಲ್‌ಗಿಂತ ಮೊದಲು ಓಡುವ ಪ್ರೋಗ್ರಾಮ್) ಸರಿಯಿಲ್ಲ, ಡಿವೈಸ್ ಟ್ರೀ (ಮಷೀನ್‌ನಲ್ಲಿ ಏನೇನು ಎಲ್ಲಿದೆ ಅನ್ನುವ ಪಟ್ಟಿ) ಸರಿಯಿಲ್ಲ ಅಂತ ಬೈಯುವ ಮುಂಚೆ ಇದನ್ನು ಬೇರೆ ಮಾಡಿಕೊಳ್ಳಿ.

ಎರಡನೇ ಜಾತಿಯನ್ನು ಬೇಗ ಮುಗಿಸುತ್ತೇನೆ. ಪಿಸಿ ಅಭ್ಯಾಸದಿಂದ ಕನ್ಸೋಲ್, ಅಂದರೆ ಕರ್ನಲ್ ತನ್ನ ಮಾತು ಬರೆಯುವ ಜಾಗ, ಅಂತ ಟಿಟಿವೈಎಸ್0 ಬರೆದಿರುತ್ತೀರಿ. ಕ್ಯೂಎಮುವಿನ ವರ್ಟ್ ಮಷೀನ್‌ನಲ್ಲಿ, ಅಂದರೆ ಯಾವ ನಿಜ ಬೋರ್ಡಿನ ನಕಲೂ ಅಲ್ಲದ ಅದರ ಸ್ವಂತ ಮಷೀನ್‌ನಲ್ಲಿ, ಸೀರಿಯಲ್ ಪೋರ್ಟ್ ಪಿಎಲ್011, ಅದರ ಹೆಸರು ಟಿಟಿವೈಎಎಂಎ0. ಹೆಸರು ತಪ್ಪಿದರೆ, ಇಲ್ಲದ ಪೋರ್ಟ್‌ಗೆ ಕರ್ನಲ್ ಮಾತಾಡುತ್ತದೆ. ಕರ್ನಲ್ ಸಾಲಿನಲ್ಲಿ ಅರ್ಲಿಕಾನ್ ಅಂತ ಒಂದು ಪದ ಸೇರಿಸಿ, ಪಿಎಲ್011, ವಿಳಾಸ ಹೆಕ್ಸ್‌ನಲ್ಲಿ 9000000 ಅಂತ ಕೊಡಿ. ಡಿವೈಸ್ ಟ್ರೀಯಲ್ಲಿ ಪೋರ್ಟ್ ಹುಡುಕುವ ಮುಂಚೆಯೇ ಕರ್ನಲ್‌ಗೆ ಬಾಯಿ ಬರುತ್ತದೆ. ಈ ಒಂದು ಪದ ನನ್ನ ಎಷ್ಟೋ ರಾತ್ರಿಗಳನ್ನು ಉಳಿಸಿದೆ. ವಿಳಾಸ ಯಾಕೆ ಕೈಯಾರೆ ಕೊಡಬೇಕು ಅಂದರೆ, ಡಿವೈಸ್ ಟ್ರೀಯೇ ಕೆಟ್ಟಿದೆಯೋ ಏನೋ ಅಂತ ಅನುಮಾನ ಇರುವಾಗ ಅದನ್ನೇ ಕೇಳಿ ವಿಳಾಸ ತಗೊಳ್ಳೋದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಇನ್ನೊಂದು ಬೋನು ಇದೆ. ನಾನೇ ಬಿದ್ದಿದ್ದೇನೆ. ನೀವು ಓಡಿಸುವ ಪ್ರೋಗ್ರಾಮ್ ಹೆಸರಲ್ಲೇ ಆರ್ಚ್64 ಅಂತ ಇರುತ್ತದೆ. ಹಾಗಾಗಿ ಸಿಪಿಯು 64 ಬಿಟ್ ಅಂದುಕೊಳ್ಳುತ್ತೀರಿ. ಆದರೆ ವರ್ಟ್ ಮಷೀನ್‌ಗೆ ಸಿಪಿಯು ಯಾವುದು ಅಂತ ಹೇಳದಿದ್ದರೆ ಅದು ಕಾರ್ಟೆಕ್ಸ್ ಎ15 ಕೊಡುತ್ತದೆ. ಅದು 32 ಬಿಟ್! ಅದರ ಮುಂದೆ 64 ಬಿಟ್ ಕರ್ನಲ್ ಇಟ್ಟರೆ ಒಂದಕ್ಷರವೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಕಾರ್ಟೆಕ್ಸ್ ಎ57 ಅಂತಲೋ ಮ್ಯಾಕ್ಸ್ ಅಂತಲೋ ಬರೆದರೆ ಮುಗಿಯಿತು. ಮೊದಲ ಸಲ ಇದಕ್ಕೆ ನಾನು ಒಂದಿಡೀ ಶನಿವಾರ ಕಳೆದಿದ್ದೆ.

ಈಗ ಡಿವೈಸ್ ಟ್ರೀಗೆ ಬರೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹೋದವರಿಗೆ ಇದನ್ನು ವಿವರಿಸೋದು ಸುಲಭ. ಕೀ ಕೊಡುವಾಗ ಓನರ್ ಒಂದು ಚೀಟಿ ಬರೆದು ಕೊಡುತ್ತಾರೆ, ಇಲ್ಲ ಬಾಯಲ್ಲಿ ಹೇಳುತ್ತಾರೆ. ಮೋಟರ್ ಸ್ವಿಚ್ ಹಿಂದಿನ ಬಾಗಿಲ ಪಕ್ಕ. ಈ ನಲ್ಲಿ ಕಾವೇರಿ, ಆ ನಲ್ಲಿ ಬೋರ್‌ವೆಲ್. ಫ್ಯೂಸ್ ಮೆಟ್ಟಿಲ ಕೆಳಗೆ. ಸಂಪ್ ವಾಲ್ವ್ ಮುಟ್ಟಬೇಡಿ. ಗೋಡೆ ನೋಡಿ ಇದನ್ನೆಲ್ಲ ಕಂಡುಹಿಡಿಯೋಕೆ ಆಗಲ್ಲ. ಡಿವೈಸ್ ಟ್ರೀ ಅಂದರೆ ಆ ಚೀಟಿ. ಕರ್ನಲ್ ಬಾಡಿಗೆದಾರ.

ಪಿಸಿಯಲ್ಲಿ ಚೀಟಿ ಇಲ್ಲದೆಯೂ ಸುಮಾರು ಕೆಲಸ ನಡೆಯುತ್ತದೆ. ಪಿಸಿಐ ಬಸ್ ಮೇಲೆ ನಿಂತು "ಯಾರಿದ್ದೀರಿ?" ಅಂತ ಕೂಗಿದರೆ ಒಂದೊಂದು ಸಾಧನವೂ ಓಗೊಡುತ್ತದೆ. ಉಳಿದದ್ದನ್ನು ಫರ್ಮ್‌ವೇರ್ ಕೊಡುವ ಎಸಿಪಿಐ ಟೇಬಲ್‌ಗಳು ಹೇಳುತ್ತವೆ. ಆರ್ಮ್ ಚಿಪ್ ಒಳಗಿನ ಸೀರಿಯಲ್ ಪೋರ್ಟ್, ಟೈಮರ್, ಇಂಟರಪ್ಟ್ ಕಂಟ್ರೋಲರ್ ಹಾಗೆ ಓಗೊಡುವುದಿಲ್ಲ. ಅವು ಒಂದು ವಿಳಾಸದಲ್ಲಿ ಸುಮ್ನೆ ಕೂತಿರುತ್ತವೆ. ತಪ್ಪು ವಿಳಾಸ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಆ ಶಾಕ್‌ಗೆ ಕರ್ನಲ್ ಭಾಷೆಯಲ್ಲಿ ಸಿಂಕ್ರೊನಸ್ ಎಕ್ಸ್‌ಟರ್ನಲ್ ಅಬಾರ್ಟ್ ಅಂತ ಹೆಸರು. ಆಮೇಲೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಚೀಟಿ ಪದ್ಧತಿ ಆರ್ಮ್‌ನವರದ್ದಲ್ಲ. ಸನ್ ವರ್ಕ್‌ಸ್ಟೇಷನ್‌ಗಳು, ಪವರ್‌ಪಿಸಿ ಮ್ಯಾಕ್‌ಗಳು ಬಳಸುತ್ತಿದ್ದ ಓಪನ್ ಫರ್ಮ್‌ವೇರ್‌ನಿಂದ ಬಂದದ್ದು. 1994ರಲ್ಲಿ ಅದು ಐಇಇಇ 1275 ಅಂತ ಸ್ಟ್ಯಾಂಡರ್ಡ್ ಆಯಿತು. ಆರ್ಮ್ ಲಿನಕ್ಸ್‌ನಲ್ಲಿ ಮೊದಲು ಇದ್ದದ್ದು ಬೇರೆ ಕ್ರಮ. ಪ್ರತಿ ಬೋರ್ಡಿಗೂ ಕರ್ನಲ್ ಒಳಗೇ ಒಂದು ಸಿ ಫೈಲ್, ಒಂದು ಮಷೀನ್ ನಂಬರ್. ಬೋರ್ಡ್‌ಗಳು ಹೆಚ್ಚಿದ ಹಾಗೆ ಫೈಲ್‌ಗಳೂ ಹೆಚ್ಚಿದವು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಮೇಲಿಂಗ್ ಲಿಸ್ಟ್‌ನಲ್ಲೇ ಸಿಡಿದುಬಿದ್ದರು. ಆಮೇಲೆ ಆರ್ಮ್ ಬಳಗ ಡಿವೈಸ್ ಟ್ರೀ ಕಡೆಗೆ ವೇಗವಾಗಿ ಹೊರಳಿತು. 64 ಬಿಟ್ ಆರ್ಮ್ ಲಿನಕ್ಸ್‌ಗೆ ಸೇರಿದ್ದು 2012ರ ಡಿಸೆಂಬರ್‌ನ 3.7ರಲ್ಲಿ. ಅದಕ್ಕೆ ಬೋರ್ಡ್ ಫೈಲ್ ಅನ್ನುವ ಬಾಲ್ಯವೇ ಇರಲಿಲ್ಲ, ಹುಟ್ಟಿನಿಂದಲೇ ಚೀಟಿ.

ಬೂಟ್ ಆಗದಿದ್ದಾಗ ನಾನು ಕೇಳಿಕೊಳ್ಳೋದು ಮೂರೇ ಪ್ರಶ್ನೆ. ಚೀಟಿ ಬರೆದವರು ಯಾರು? ತಂದುಕೊಟ್ಟವರು ಯಾರು? ಕೊನೆಗೆ ಕರ್ನಲ್ ಓದಿದ್ದು ಅದೇ ಚೀಟಿಯನ್ನಾ?

ಮೊದಲ ಪ್ರಶ್ನೆಗೆ ವರ್ಟ್ ಮಷೀನ್‌ನಲ್ಲಿ ಉತ್ತರ ಸುಲಭ. ಬರೆಯೋದು ಕ್ಯೂಎಮುವೇ. ನೀವು ಕೊಟ್ಟ ಆಯ್ಕೆಗಳನ್ನು ನೋಡಿ, ಪ್ರತಿ ಸಲ ಹೊಸದಾಗಿ ಬರೆಯುತ್ತದೆ. ಎಷ್ಟು ಸಿಪಿಯು, ಎಷ್ಟು ಮೆಮೊರಿ, ಯಾವ ಇಂಟರಪ್ಟ್ ಕಂಟ್ರೋಲರ್, ಎಲ್ಲ ಅದರಲ್ಲಿರುತ್ತದೆ. ಅದಕ್ಕೇ ಈ ಮಷೀನ್‌ಗೆ ನೀವಾಗಿ ಡಿಟಿಬಿ, ಅಂದರೆ ಬೈನರಿ ರೂಪದ ಡಿವೈಸ್ ಟ್ರೀ ಫೈಲ್, ಕೊಡಬೇಕಾಗಿಲ್ಲ. ಕೊಟ್ಟರೆ ತೊಂದರೆಯೇ ಜಾಸ್ತಿ. ವರ್ಸಟೈಲ್ ಎಕ್ಸ್‌ಪ್ರೆಸ್, ರಾಸ್ಪ್‌ಬೆರಿ ಪೈ ತರಹದ ನಿಜವಾದ ಬೋರ್ಡ್‌ಗಳ ನಕಲು ಮಷೀನ್‌ಗಳಿಗೆ ಮಾತ್ರ ಫೈಲ್ ಬೇಕು. ಅಂತರ್ಜಾಲದಲ್ಲಿ ಸಿಗುವ ಅರ್ಧಕ್ಕರ್ಧ ಪಾಠಗಳು ಈ ಎರಡನ್ನೂ ಕಲಸಿಬಿಟ್ಟಿರುತ್ತವೆ.

ಇಲ್ಲಿ ನನ್ನ ಕಥೆ ಹೇಳಲೇಬೇಕು. ಒಂದು ಕಡೆ ಕೆಲಸ ಮಾಡುವಾಗ ಡಿವೈಸ್ ಟ್ರೀಗೆ ಒಂದು ಸಣ್ಣ ನೋಡ್, ಅಂದರೆ ಒಂದು ಸಾಧನದ ನಮೂದು, ಸೇರಿಸಬೇಕಿತ್ತು, ಡ್ರೈವರ್ ಪರೀಕ್ಷೆಗೆ. ಕ್ಯೂಎಮುವಿನ ಮಷೀನ್ ಆಯ್ಕೆಯಲ್ಲಿ ಡಂಪ್‌ಡಿಟಿಬಿ ಅಂತ ಒಂದಿದೆ. ತಾನು ಬರೆದ ಚೀಟಿಯನ್ನು ಫೈಲಿಗೆ ಇಳಿಸಿ ಹೊರಗೆ ಬರುತ್ತದೆ. ಅದನ್ನು ಡಿಟಿಸಿ ಅನ್ನುವ ಡಿವೈಸ್ ಟ್ರೀ ಕಂಪೈಲರ್‌ನಿಂದ ಓದಬಹುದಾದ ಪಠ್ಯವಾಗಿ ಬಿಡಿಸಿ, ನೋಡ್ ಸೇರಿಸಿ, ಮತ್ತೆ ಕಟ್ಟಿ, ಡಿಟಿಬಿ ಅಂತ ಕೊಟ್ಟೆ. ಚೆನ್ನಾಗಿ ಓಡಿತು. ಸ್ಕ್ರಿಪ್ಟ್‌ಗೆ ಹಾಕಿದೆ, ಮರೆತೆ.

ಕೆಲವು ತಿಂಗಳ ಮೇಲೆ ಹೆಚ್ಚು ಸಿಪಿಯು ಬೇಕಾಯಿತು. ಜಿಐಸಿ ಅಂದರೆ ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್. ಅದರ ಎರಡನೇ ಆವೃತ್ತಿ 8 ಸಿಪಿಯು ದಾಟುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಜಿಐಸಿ ವರ್ಷನ್ 3 ಅಂತ ಬದಲಿಸಿದೆ. ಪೂರ್ತಿ ಕಪ್ಪು. ಕರ್ನಲ್ ಬದಲಿಸಿ ನೋಡಿದೆ, ಕ್ಯೂಎಮು ಹಳೇ ಆವೃತ್ತಿ ಹಾಕಿ ನೋಡಿದೆ, ಪಕ್ಕದ ಸೀಟಿನವರ ಲ್ಯಾಪ್‌ಟಾಪ್‌ನಲ್ಲೂ ನೋಡಿದೆ. ಅವರ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದ್ದು ನನ್ನದೇ ಸ್ಕ್ರಿಪ್ಟ್, ನನ್ನದೇ ಡಿಟಿಬಿ ಅನ್ನೋದು ಹೊಳೆಯಲೇ ಇಲ್ಲ. ಕೊನೆಗೆ ಅರ್ಲಿಕಾನ್ ಹಾಕಿದಾಗ ಎರಡು ಸಾಲು ಕಣ್ಣಿಗೆ ಬಿತ್ತು. ಒಂದು, ಜಿಐಸಿಯ ಸಿಪಿಯು ಮಾಸ್ಕ್ ಸಿಗಲಿಲ್ಲ, ಕರ್ನಲ್ ಬೂಟ್ ಆಗುವುದಿಲ್ಲ ಅಂತ. ಎಷ್ಟು ಪ್ರಾಮಾಣಿಕ ಕರ್ನಲ್ ನೋಡಿ, ತನ್ನ ಜಾತಕ ತಾನೇ ಓದಿ ಹೇಳಿತು. ಅದರ ಕೆಳಗೆ ಸಿಂಕ್ರೊನಸ್ ಎಕ್ಸ್‌ಟರ್ನಲ್ ಅಬಾರ್ಟ್. ಶಾಕ್ ಹೊಡೆದಿತ್ತು.

ಆದದ್ದು ಇಷ್ಟು. ಜಿಐಸಿ 2 ಇದ್ದಾಗ ಅದರ ಡಿಸ್ಟ್ರಿಬ್ಯೂಟರ್ ಹೆಕ್ಸ್ 8000000ರಲ್ಲಿ, ಸಿಪಿಯು ಇಂಟರ್‌ಫೇಸ್ 8010000ರಲ್ಲಿ ಇರುತ್ತದೆ. ಜಿಐಸಿ 3 ಆದಾಗ ಡಿಸ್ಟ್ರಿಬ್ಯೂಟರ್ ಅಲ್ಲೇ ಇರುತ್ತದೆ, ಆದರೆ 8010000ರಲ್ಲಿ ಏನೂ ಇಲ್ಲ, ಖಾಲಿ ಸೈಟು. ನನ್ನ ಹಳೇ ಡಿಟಿಬಿ ಮಾತ್ರ "ಅಲ್ಲೇ ಇದೆ, ಹೋಗು" ಅನ್ನುತ್ತಿತ್ತು. ಹಳೇ ಮನೆಯ ಚೀಟಿ ಹಿಡಿದು ಹೊಸ ಮನೆಯಲ್ಲಿ ಮೋಟರ್ ಸ್ವಿಚ್ ಹುಡುಕಿದಂತೆ ಆಯ್ತು.

ಇದರಲ್ಲಿ ಇನ್ನೊಂದು ಮೋಸ ಇದೆ. ನೀವು ಕೊಟ್ಟ ಡಿಟಿಬಿಯನ್ನು ಕ್ಯೂಎಮು ಹಾಗೇ ಮುಂದಕ್ಕೆ ತಳ್ಳುವುದಿಲ್ಲ, ಸ್ವಲ್ಪ ತಿದ್ದುತ್ತದೆ. ಮೆಮೊರಿ ನೋಡ್ ಅಳಿಸಿ ಹೊಸ ಅಳತೆ ಬರೆಯುತ್ತದೆ. ಕಮಾಂಡ್ ಲೈನ್, ಇನಿಟ್‌ಆರ್‌ಡಿ (ಬೂಟ್ ಆಗುವಾಗಿನ ತಾತ್ಕಾಲಿಕ ಡಿಸ್ಕ್) ವಿಳಾಸ ತುಂಬುತ್ತದೆ. ಆದ್ದರಿಂದ ಮೆಮೊರಿ 512 ಎಂಬಿಯಿಂದ 4 ಜಿಬಿಗೆ ಏರಿಸಿದರೂ ಹಳೇ ಫೈಲ್ ಸರಿಯಾಗಿ ಓಡುತ್ತದೆ, ನಿಮಗೆ ಧೈರ್ಯ ಬರುತ್ತದೆ. ಆದರೆ ಸಿಪಿಯು ನೋಡ್‌ಗಳನ್ನು ಅದು ತಿದ್ದುವುದಿಲ್ಲ. ಒಂದು ಸಿಪಿಯು ಇದ್ದಾಗ ಇಳಿಸಿದ ಫೈಲನ್ನು ನಾಲ್ಕು ಸಿಪಿಯು ಮಷೀನ್‌ಗೆ ಕೊಟ್ಟರೆ ಲಿನಕ್ಸ್ ಒಂದನ್ನೇ ನೋಡುತ್ತದೆ. ಪಿಎಸ್‌ಸಿಐ ನೋಡ್ ಫೈಲಿನಲ್ಲಿ ಇದ್ದರೆ ಅದನ್ನೂ ಮುಟ್ಟುವುದಿಲ್ಲ. ಆ ನೋಡ್‌ನಲ್ಲಿ ಸಿಪಿಯು ಎಬ್ಬಿಸುವ ಕರೆ ಹೈಪರ್‌ವೈಸರ್‌ಗೆ ಹೋಗುವ ಎಚ್‌ವಿಸಿಯೋ, ಸೆಕ್ಯೂರ್ ಫರ್ಮ್‌ವೇರ್‌ಗೆ ಹೋಗುವ ಎಸ್‌ಎಂಸಿಯೋ ಅಂತ ಬರೆದಿರುತ್ತದೆ. ವರ್ಚುವಲೈಸೇಶನ್ ಆನ್ ಮಾಡಿದರೆ ಎಸ್‌ಎಂಸಿ ಆಗಬೇಕು, ಹಳೇ ಫೈಲಿನಲ್ಲಿ ಎಚ್‌ವಿಸಿಯೇ ಉಳಿದಿರುತ್ತದೆ. ಅರ್ಧ ತಿದ್ದಿದ ಚೀಟಿ ಪೂರ್ತಿ ತಪ್ಪು ಚೀಟಿಗಿಂತ ಅಪಾಯ.

ಇನ್ನೂ ಒಂದು ಇದೆ. ಡಂಪ್ ಮಾಡಿದ ಫೈಲಿನ ಚೋಸನ್ ನೋಡ್‌ನಲ್ಲಿ ಕೆಎಎಸ್ಎಲ್ಆರ್ ಸೀಡ್ ಅಂತ ಒಂದು ಯಾದೃಚ್ಛಿಕ ಸಂಖ್ಯೆ ಇರುತ್ತದೆ. ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಅಂತ ಅದರಿಂದ ಲಾಟರಿ ಎತ್ತುತ್ತಾರೆ. ಫೈಲ್ ಉಳಿಸಿಟ್ಟು ಬಳಸಿದರೆ ಪ್ರತಿ ಸಲವೂ ಅದೇ ಸಂಖ್ಯೆ. ಲಾಟರಿಯಲ್ಲಿ ದಿನಾ ಅದೇ ನಂಬರ್ ಬಂದರೆ ಲಾಟರಿ ಯಾಕೆ?

ಎರಡನೇ ಪ್ರಶ್ನೆ, ಚೀಟಿ ತಂದುಕೊಟ್ಟವರು ಯಾರು. ಇಲ್ಲಿ ದಾರಿ ಎರಡು. ಫರ್ಮ್‌ವೇರ್ ಇಲ್ಲದೆ ನೇರವಾಗಿ ಕರ್ನಲ್ ಕೊಟ್ಟರೆ, ಕ್ಯೂಎಮು ಡಿಟಿಬಿಯನ್ನು ಮೆಮೊರಿಯಲ್ಲಿಟ್ಟು ಅದರ ವಿಳಾಸವನ್ನು ಎಕ್ಸ್0 ರಿಜಿಸ್ಟರ್‌ನಲ್ಲಿ ಹಾಕಿ ಕರ್ನಲ್‌ಗೆ ನೆಗೆಯುತ್ತದೆ. 32 ಬಿಟ್‌ನಲ್ಲಾದರೆ ಆರ್2. ಆದರೆ ನೀವು ಕೊಟ್ಟದ್ದು ಇಮೇಜ್ ಫೈಲ್ ಆಗಿರಬೇಕು. ಡೀಬಗ್‌ಗೆ ಚೆನ್ನಾಗಿರುತ್ತೆ ಅಂತ ವಿಎಂಲಿನಕ್ಸ್ ಅನ್ನುವ ಇಎಲ್ಎಫ್ ಫೈಲ್ ಕೊಟ್ಟಿರೋ, ಕ್ಯೂಎಮು ಅದನ್ನು ಲಿನಕ್ಸ್ ಅಂತ ಗುರುತಿಸುವುದಿಲ್ಲ. ಆಪರೇಟಿಂಗ್ ಸಿಸ್ಟಂ ಇಲ್ಲದೆ ಓಡುವ ಯಾವುದೋ ಬೇರ್ ಮೆಟಲ್ ಪ್ರೋಗ್ರಾಮ್ ಅಂದುಕೊಂಡು, ಡಿಟಿಬಿಯನ್ನು ಮೆಮೊರಿಯ ಆರಂಭದಲ್ಲಿಟ್ಟು ಸುಮ್ಮನಾಗುತ್ತದೆ. ರಿಜಿಸ್ಟರ್‌ನಲ್ಲಿ ಏನೂ ಇಲ್ಲ. ಚೀಟಿ ಮನೆಯಲ್ಲೇ ಇದೆ, ಆದರೆ ಬಾಡಿಗೆದಾರನ ಕೈಗೆ ಬರಲಿಲ್ಲ. ಡೀಬಗ್ ಚಿಹ್ನೆಗಳಿರುವ ವಿಎಂಲಿನಕ್ಸ್ ಫೈಲನ್ನು ಜಿಡಿಬಿ ಅನ್ನುವ ಡೀಬಗರ್‌ಗೆ ಕೊಡಿ, ಕ್ಯೂಎಮುಗೆ ಇಮೇಜ್ ಕೊಡಿ.

ಇನ್ನೊಂದು ದಾರಿ ಫರ್ಮ್‌ವೇರ್ ಮೂಲಕ, ಅಂದರೆ ಯುಬೂಟ್ ಅಥವಾ ಯುಇಎಫ್ಐ. ವರ್ಟ್ ಮಷೀನ್‌ನಲ್ಲಿ ಮೊದಲ 128 ಎಂಬಿ ಫ್ಲ್ಯಾಶ್. 64 ಎಂಬಿಯ ಎರಡು ತುಂಡು, ಒಂದರಲ್ಲಿ ಫರ್ಮ್‌ವೇರ್, ಇನ್ನೊಂದರಲ್ಲಿ ಅದರ ವೇರಿಯಬಲ್‌ಗಳು. ರ‍್ಯಾಮ್ ಶುರುವಾಗೋದು 1 ಜಿಬಿ ಗುರುತಿನಿಂದ, ಹೆಕ್ಸ್ 40000000. ಫರ್ಮ್‌ವೇರ್ ಬೂಟ್‌ನಲ್ಲಿ ಡಿಟಿಬಿ ಅದೇ ಜಾಗದಲ್ಲಿ ಕೂತಿರುತ್ತದೆ.

ಫ್ಲ್ಯಾಶ್ ಆಗಿ ಕೊಟ್ಟ ಫೈಲ್ ಸರಿಯಾಗಿ 64 ಎಂಬಿಯೇ ಇರಬೇಕು. ಯುಇಎಫ್ಐನ ಓಪನ್ ಸೋರ್ಸ್ ರೂಪವಾದ ಇಡಿಕೆ2 ನೀವೇ ಕಟ್ಟಿದರೆ ಬರುವ ಫರ್ಮ್‌ವೇರ್ ಫೈಲ್ 2 ಎಂಬಿ. ಹಾಗೇ ಕೊಟ್ಟರೆ 67108864 ಬೈಟ್ ಬೇಕು, ನಿನ್ನ ಹತ್ತಿರ 2097152 ಇದೆ ಅಂತ ಕ್ಯೂಎಮು ತಗಾದೆ ತೆಗೆಯುತ್ತದೆ. ಟ್ರಂಕೇಟ್ ಕಮಾಂಡ್‌ನಿಂದ 64 ಎಂಬಿಗೆ ಹಿಗ್ಗಿಸಿ, ಆಯ್ತು. ಬಯಾಸ್ ಆಯ್ಕೆಯಲ್ಲಿ ಕೊಟ್ಟರೆ ಈ ರಗಳೆ ಇಲ್ಲ, ಆದರೆ ವೇರಿಯಬಲ್ ಉಳಿಯುವುದಿಲ್ಲ. ಇನ್‌ಸ್ಟಾಲ್ ಮಾಡಿದ ದಿನ ಚೆನ್ನಾಗಿ ಬೂಟ್ ಆಗಿದ್ದ ಮಷೀನ್ ಮಾರನೇ ದಿನ ಯುಇಎಫ್ಐ ಶೆಲ್‌ನಲ್ಲಿ ಬಂದು ನಿಲ್ಲುತ್ತದಲ್ಲ, ಬಹಳ ಸಲ ಕಾರಣ ಇದೇ. ಬೂಟ್ ಪಟ್ಟಿ ಮರೆತುಹೋಗಿದೆ. ಡಿಸ್ಕ್ ಎಲ್ಲೂ ಹೋಗಿಲ್ಲ. ಶೆಲ್‌ನಲ್ಲಿ ಎಫ್ಎಸ್0 ಅನ್ನುವ ಡಿಸ್ಕ್ ಭಾಗಕ್ಕೆ ಹೋಗಿ ಇಎಫ್ಐ ಫೋಲ್ಡರ್ ನೋಡಿ. ಅದರ ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಎ64 ಇದ್ದಿದ್ದರೆ ಫರ್ಮ್‌ವೇರ್ ತಾನೇ ಹುಡುಕಿಕೊಳ್ಳುತ್ತಿತ್ತು. ಹಾಗಾಗಿ ಡಿಸ್ಟ್ರೋ ಹೆಸರಿನ ಫೋಲ್ಡರ್‌ನಲ್ಲಿ ಗ್ರಬ್ ಅನ್ನುವ ಬೂಟ್‌ಲೋಡರ್ ಇರುತ್ತದೆ, ಅದನ್ನು ಓಡಿಸಿ.

ಯುಬೂಟ್ ಬಳಸುವವರು ಇನ್ನೊಂದು ಕಡೆ ಎಡವುತ್ತಾರೆ. ರ‍್ಯಾಮ್ ಎಲ್ಲಿ ಶುರುವಾಗುತ್ತದೋ ಅಲ್ಲೇ ಕರ್ನಲ್ ಲೋಡ್ ಮಾಡೋಣ ಅಂತ 40000000ಕ್ಕೆ ಲೋಡ್ ಮಾಡುತ್ತಾರೆ. ಅಲ್ಲಿ ಡಿಟಿಬಿ ಕೂತಿದೆ! ಅದರ ಮೇಲೆ ಕರ್ನಲ್ ಕೂತುಬಿಟ್ಟಿತು. ಪರೀಕ್ಷೆ ಮಾಡೋದು ಹೇಗೆ? ಡಿಟಿಬಿಯ ಮೊದಲ ನಾಲ್ಕು ಬೈಟ್ ಯಾವಾಗಲೂ ಒಂದೇ: ಡಿ0, 0ಡಿ, ಎಫ್ಇ, ಇಡಿ. ಒಟ್ಟಿಗೆ ಓದಿದರೆ "ಡೂಡ್ ಫೀಡ್". ಕ್ಯೂಎಮು ಮಾನಿಟರ್‌ಗೆ ಹೋಗಿ, ಅಂದರೆ ಕಂಟ್ರೋಲ್ ಎ ಒತ್ತಿ ಸಿ ಒತ್ತಿ, ಎಕ್ಸ್‌ಪಿ ಕಮಾಂಡ್‌ನಿಂದ ಆ ವಿಳಾಸದ ನಾಲ್ಕು ಬೈಟ್ ನೋಡಿ. ಅದೇ ಕ್ರಮದಲ್ಲಿ ಕಂಡರೆ ಚೀಟಿ ಜಾಗದಲ್ಲಿದೆ. ಯುಬೂಟ್‌ನ ಎಂಡಿ ಕಮಾಂಡ್‌ನಲ್ಲಿ ನೋಡಿದರೆ ಉಲ್ಟಾ ಕಾಣುತ್ತದೆ, ಇಡಿಎಫ್ಇ0ಡಿಡಿ0 ಅಂತ. ಗಾಬರಿ ಬೇಡ. ಡಿಟಿಬಿ ಬಿಗ್ ಎಂಡಿಯನ್, ಸಿಪಿಯು ಲಿಟಲ್ ಎಂಡಿಯನ್, ಅಷ್ಟೇ. ಪವರ್‌ಪಿಸಿ ಕಾಲದ ಗುರುತು ಇನ್ನೂ ಮೈಮೇಲಿದೆ.

ಮೂರನೇ ಪ್ರಶ್ನೆಗೆ ಬಂದೆವು. ಚೀಟಿ ಸರಿ ಇದೆ, ಕೈಗೂ ಬಂತು, ಓದಿದ್ದು ಅದನ್ನೇನಾ? ಈ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ನಿಮ್ಮ ನೋಡ್ ಸೇರಿಸಿದ ಡಿಟಿಬಿ ಕೊಟ್ಟು, ಯುಇಎಫ್ಐ ಮೂಲಕ ಬೂಟ್ ಮಾಡುತ್ತೀರಿ. ಎಲ್ಲ ಚೆನ್ನಾಗಿ ಬರುತ್ತದೆ, ಲಾಗಿನ್ ಕೂಡ ಬರುತ್ತದೆ. ನಿಮ್ಮ ಡ್ರೈವರ್ ಮಾತ್ರ ಪ್ರೋಬ್ ಆಗುವುದಿಲ್ಲ, ಅಂದರೆ ತನ್ನ ಸಾಧನವನ್ನು ಹಿಡಿಯುವುದಿಲ್ಲ. ಪ್ರೊಕ್ ಒಳಗಿನ ಡಿವೈಸ್ ಟ್ರೀ ಫೋಲ್ಡರ್ ತೆಗೆದರೆ ಚೋಸನ್ ಒಂದೇ ಇದೆ, ಮಿಕ್ಕಿದ್ದೆಲ್ಲ ಮಾಯ. ಬೂಟ್ ಶುರುವಿನ ಸಾಲುಗಳಿಗೆ ಹೋಗಿ. ಖಾಲಿ ಡಿಟಿಬಿ ತಯಾರಿಸುತ್ತಿದ್ದೇನೆ ಅಂತ ಇಎಫ್ಐ ಸ್ಟಬ್, ಅಂದರೆ ಯುಇಎಫ್ಐ ಜೊತೆ ಮಾತಾಡುವ ಕರ್ನಲ್‌ನ ಸಣ್ಣ ತುಂಡು, ಒಂದು ಸಾಲು ಹೇಳಿರುತ್ತದೆ.

ಆಗಿದ್ದು ಹೀಗೆ. ಫರ್ಮ್‌ವೇರ್ ಇದ್ದರೆ ಕ್ಯೂಎಮು ಎಸಿಪಿಐ ಟೇಬಲ್‌ಗಳನ್ನೂ ಕೊಡುತ್ತದೆ. 64 ಬಿಟ್ ಯುಇಎಫ್ಐ ಫರ್ಮ್‌ವೇರ್ ಎಸಿಪಿಐ ಸಿಕ್ಕರೆ ಅದನ್ನೇ ಮುಂದಿಟ್ಟು ಡಿವೈಸ್ ಟ್ರೀಯನ್ನು ಬಚ್ಚಿಡುತ್ತದೆ. ಒಂದೇ ಮನೆಗೆ ಎರಡು ಚೀಟಿ ಬೇಡ ಅನ್ನೋದು ಅದರ ಲೆಕ್ಕ. ನಿಮ್ಮ ಡಿಟಿಬಿಯನ್ನು ಫರ್ಮ್‌ವೇರ್ ಓದಿತು, ಕರ್ನಲ್‌ಗೆ ಕೊಡಲಿಲ್ಲ. ಮಷೀನ್ ಆಯ್ಕೆಯಲ್ಲಿ ಎಸಿಪಿಐ ಆಫ್ ಅಂತ ಹಾಕಿದರೆ ಡಿವೈಸ್ ಟ್ರೀ ಹೊರಗೆ ಬರುತ್ತದೆ. ಆಗ ಸ್ಟಬ್ ಕೂಡ ಬೇರೆ ಸಾಲು ಹೇಳುತ್ತದೆ, ಕಾನ್ಫಿಗರೇಶನ್ ಟೇಬಲ್‌ನಿಂದ ಡಿಟಿಬಿ ತಗೊಂಡೆ ಅಂತ. ಈ ಒಂದು ಸಾಲು ನೋಡುವ ಅಭ್ಯಾಸ ಮಾಡಿಕೊಳ್ಳಿ.

32 ಬಿಟ್ ಕರ್ನಲ್ ಓಡಿಸುವವರು ಒಂದು ವಿಚಿತ್ರ ನೋಡಬಹುದು. ಪಿಸಿಐ ಏನೂ ಸಿಗುವುದಿಲ್ಲ, ಇಸಿಎಎಂ (ಪಿಸಿಐ ಸಾಧನಗಳ ಸೆಟ್ಟಿಂಗ್ ಓದುವ ಮೆಮೊರಿ ಭಾಗ) ಜಾಗ ಸಿಗಲಿಲ್ಲ, ವಿಳಾಸ ಜಗಳ ಅಂತ ದೂರು. ವರ್ಟ್ ಮಷೀನ್ ಪಿಸಿಐನ ಆ ಭಾಗವನ್ನು ಹೆಕ್ಸ್ 4010000000ರಲ್ಲಿ ಇಡುತ್ತದೆ, 4 ಜಿಬಿಗಿಂತ ಎಷ್ಟೋ ಮೇಲೆ. ಎಲ್‌ಪಿಎಇ (4 ಜಿಬಿ ಮೀರಿದ ವಿಳಾಸ ಮುಟ್ಟುವ ಸೌಲಭ್ಯ) ಇಲ್ಲದ 32 ಬಿಟ್ ಕರ್ನಲ್‌ಗೆ ಅಷ್ಟು ದೊಡ್ಡ ವಿಳಾಸ ಹಿಡಿಸದು. ಮುಂದಿನ ಅಂಕೆಗಳನ್ನು ಕತ್ತರಿಸಿ 10000000 ಅಂತ ಓದುತ್ತದೆ. ಅಲ್ಲಿ ಆಗಲೇ ಬೇರೆಯವರು ಇದ್ದಾರೆ. ಮಷೀನ್ ಆಯ್ಕೆಯಲ್ಲಿ ಹೈಮೆಮ್ ಆಫ್ ಮಾಡಿ, ಅಥವಾ ಎಲ್‌ಪಿಎಇ ಇರುವ ಕರ್ನಲ್ ಕಟ್ಟಿ.

ರಾಸ್ಪ್‌ಬೆರಿ ಪೈ ಇಮೇಜ್ ಬಗ್ಗೆ ಎರಡು ಮಾತು. ಪೈಯಲ್ಲಿ ಮೊದಲು ಏಳೋದು ಆರ್ಮ್ ಅಲ್ಲ, ವಿಡಿಯೋಕೋರ್ ಅನ್ನುವ ಗ್ರಾಫಿಕ್ಸ್ ಪ್ರೊಸೆಸರ್. ಅದರಲ್ಲಿ ಓಡುವ ಫರ್ಮ್‌ವೇರ್ ಡಿಟಿಬಿ ತಿದ್ದಿ ಕರ್ನಲ್‌ಗೆ ಕೊಡುತ್ತದೆ. ಕ್ಯೂಎಮು ಆ ಫರ್ಮ್‌ವೇರ್ ಓಡಿಸುವುದಿಲ್ಲ. ಹಾಗಾಗಿ ಎಸ್‌ಡಿ ಇಮೇಜ್ ಒಂದನ್ನೇ ಕೊಟ್ಟರೆ ಆಗಲ್ಲ. ಅದರ ಬೂಟ್ ವಿಭಾಗದಿಂದ ಕರ್ನಲ್ ಮತ್ತು ಆ ಬೋರ್ಡಿನ ಡಿಟಿಬಿ ತೆಗೆದು ಬೇರೆಯಾಗಿ ಕೊಡಬೇಕು. ಎಸ್‌ಡಿ ಇಮೇಜ್ ಅಳತೆ 2, 4, 8 ಜಿಬಿ ಹೀಗೆ ಎರಡರ ಘಾತದಲ್ಲಿರಬೇಕು. ಇನ್ನು ಪೈ 4 ಮೇಲೆ ಕೆವಿಎಂ (ನಿಜ ಸಿಪಿಯು ಮೇಲೆಯೇ ವರ್ಚುವಲ್ ಮಷೀನ್ ಓಡಿಸುವ ಲಿನಕ್ಸ್ ಸೌಲಭ್ಯ) ಹಾಕಿ ಜಿಐಸಿ 3 ಕೇಳುವವರಿಗೆ: ಆ ಬೋರ್ಡಿನಲ್ಲಿ ಇರೋದು ಜಿಐಸಿ 400, ಅಂದರೆ ಎರಡನೇ ಆವೃತ್ತಿ. ಇಲ್ಲದ್ದನ್ನು ಕೆವಿಎಂ ಕೊಡಲ್ಲ. ಜಿಐಸಿ ವರ್ಷನ್ ಹೋಸ್ಟ್ ಅಂತ ಬರೆಯಿರಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಸಾರ್, ನೋಡ್ ಸೇರಿಸಲೇಬೇಕು ಅಂದ್ರೆ ಏನ್ ಮಾಡೋದು?" ಈಗ ನಾನು ಡಿಟಿಬಿ ಫೈಲ್ ಉಳಿಸಿಡುವುದೇ ಇಲ್ಲ. ನನ್ನ ನೋಡ್ ಒಂದು ಸಣ್ಣ ಓವರ್‌ಲೇ ಫೈಲಿನಲ್ಲಿದೆ. ಸ್ಕ್ರಿಪ್ಟ್ ಪ್ರತಿ ಸಲ ಅವೇ ಆಯ್ಕೆಗಳೊಂದಿಗೆ ಮೊದಲು ಡಂಪ್ ಮಾಡುತ್ತದೆ, ಎಫ್‌ಡಿಟಿಓವರ್‌ಲೇಯಿಂದ ನನ್ನ ತುಂಡು ಅಂಟಿಸುತ್ತದೆ, ಆಮೇಲೆ ಬೂಟ್ ಮಾಡುತ್ತದೆ. ಅರ್ಧ ಸೆಕೆಂಡಿನ ಕೆಲಸ. ಆ ಹಳೇ ಫೈಲನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹೊಸಬರು ಟೀಮ್‌ಗೆ ಬಂದಾಗ ಹಳೆಯದನ್ನೂ ಹೊಸದನ್ನೂ ಬಿಡಿಸಿ ಡಿಫ್ ಹಾಕಿ ತೋರಿಸುತ್ತೇನೆ. ಸೀಡ್‌ಗಳು ಹೇಗೂ ಬೇರೆ ಇರುತ್ತವೆ, ಅದನ್ನು ಬಿಡಿ ಅನ್ನುತ್ತೇನೆ. ಇಂಟರಪ್ಟ್ ಕಂಟ್ರೋಲರ್ ನೋಡ್‌ಗೆ ಬಂದಾಗ ಒಂದು ಕಡೆ 8010000 ಇದೆ, ಇನ್ನೊಂದು ಕಡೆ ಅದೇ ಜಾಗದಲ್ಲಿ 80ಎ0000 ಇದೆ. ಅಲ್ಲಿ ಬೆರಳಿಟ್ಟು, ಮೂರು ದಿನ ಹೋಗಿದ್ದು ಇಲ್ಲಿ ಅನ್ನುತ್ತೇನೆ.